ತಿರುಗದೆ ಬಂದ ಹರಿಗೋಲು

ಕಾಣದ್ದನ್ನು ಕಂಡೆ ಎಂದು ಹೇಳಿಕೊಂಡು ತಿರುಗುವವರ ಬಾಯಿ ಮುಚ್ಚಿಸಿ ಕಳಿಸುವುದು ನನ್ನ ಹಳೆಯ ಚಾಳಿ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಹುಣಸೆಮರದಲ್ಲಿ ಏನೋ ಕಂಡೆವೆಂದು ಹುಡುಗರು ನಡುಗುತ್ತ ಬಂದರೆ, ಅದೇ ಮರದ ಕೆಳಗೆ ಕೂಡಿಸಿ ಮಗ್ಗಿ ಹೇಳಿಸಿದ್ದೇನೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಇಂಥವೆಲ್ಲ ಅಮಾವಾಸ್ಯೆಯ ರಾತ್ರಿ ನಡೆಯುತ್ತವೆಂದು ಕೇಳಿದ್ದೇನೆ. ನನಗೆ ಆ ಅನುಕೂಲವೂ ಇಲ್ಲ. ನನ್ನದು ನಡೆದದ್ದು ಹಾಡಹಗಲು, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ, ಉಂಡು ಎಚ್ಚರವಾಗಿದ್ದಾಗ.

೧೯೩೬ನೆಯ ಇಸವಿ. ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ ನಾನು ಮಾಸ್ತರನಾಗಿದ್ದೆ. ಆಗ ನಿಜಾಮರ ಆಳ್ವಿಕೆ. ಆ ಭಾಗಕ್ಕೆಲ್ಲ ಒಬ್ಬ ಸಾಹೇಬರಿದ್ದರು. ಯಾವ ಕಚೇರಿಯವರು, ಏನು ಹೆಸರು ಎಂದು ಬರೆಯುವುದಿಲ್ಲ. ಅವರು ತೀರಿಕೊಂಡು ಬಹಳ ದಿನಗಳಾದವು, ಮೊಮ್ಮಕ್ಕಳು ಒಳ್ಳೆಯವರಿದ್ದಾರೆ. ಸಾಹೇಬರಿಗೆ ಸೊಲ್ಲಾಪುರದ ಮೂಲಕ ಮುಂಬಯಿಯ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು. ಆ ವರ್ಷ ಜರ್ಮನಿಯಲ್ಲಿ ಒಲಿಂಪಿಕ್ ಆಟಗಳು. ಹಾಕಿಯಲ್ಲಿ ಹಿಂದುಸ್ತಾನದವರು ಗೆದ್ದ ಸುದ್ದಿ ಓದಿ ಉಳಿದವರೆಲ್ಲ ಕುಣಿದರೆ, ಸಾಹೇಬರ ಕಣ್ಣು ಬಿದ್ದದ್ದು ಒಳಪುಟದ ಒಂದು ಚಿತ್ರದ ಮೇಲೆ. ಸಮುದ್ರದಲ್ಲಿ ಹಾಯಿದೋಣಿಗಳ ಪಂದ್ಯ. ಬಿಳಿ ಹಾಯಿಗಳು ಒಂದೇ ಕಡೆಗೆ ವಾಲಿ, ನೀರನ್ನು ಸೀಳಿಕೊಂಡು ಹೊರಟಿದ್ದವು.

ನನ್ನನ್ನು ಕರೆಸಿ, "ಮಾಸ್ತರ್, ನಮ್ಮ ಭೀಮಾ ಏನು ಕಮ್ಮಿ ಅದ? ದೊಡ್ಡ ಸಾಹೇಬರು ದೌರೆ ಮ್ಯಾಲೆ ಬರ್ತಾರ. ಇಲ್ಲೇ ಮಾಡೋಣು," ಅಂದರು. ದೊಡ್ಡ ಸಾಹೇಬರೆಂದರೆ ಇವರ ಮೇಲಿನವರು, ಊರೂರು ತಪಾಸಣೆಗೆ ಬರುವವರು, ಬಡತಿ ಕೊಡುವವರು. ಹೊಳೆ ತುಂಬಿ ಹರಿಯುವ ಭಾದ್ರಪದ. ನಮ್ಮಲ್ಲಿ ದೋಣಿಯೆಂದರೆ ಹರಿಗೋಲು, ಬಿದಿರು ಹೆಣೆದು ಎಮ್ಮೆಯ ಚರ್ಮ ಹೊದಿಸಿದ ದುಂಡನೆಯ ಬುಟ್ಟಿ. ಅದಕ್ಕೆ ಹಾಯಿ ಕಟ್ಟಬೇಕೆಂದು ಹುಕುಂ ಆಯಿತು. ಗೆದ್ದವನಿಗೆ ಊರ ಮುಂದಿನ ಕಡವು, ಅಂದರೆ ಆ ದಂಡೆಗೆ ಜನರನ್ನು ದಾಟಿಸುವ ಹಕ್ಕು, ಬದುಕಿರುವ ತನಕ.

ಅಂಬಿಗರು ಬಿದ್ದು ಬಿದ್ದು ನಕ್ಕರು. "ಹರಿಗೋಲಿಗಿ ಹಾಯಿ ಕಟ್ಟೂದಂದ್ರ ರೊಟ್ಟಿಬುಟ್ಟಿಗಿ ಛತ್ರಿ ಕಟ್ಟಿದಂಗ ಆತು ಬಿಡ್ರಿ!" ಎಂದು ಒಬ್ಬ ಮುದುಕ ನನ್ನ ಮುಖಕ್ಕೇ ಅಂದ. ನಾಲ್ಕು ಜನ ಸಾಹೇಬರ ಸಮಾಧಾನಕ್ಕೆ ಅರಿವೆಯ ತುಂಡು ಕಟ್ಟಿಕೊಂಡು, ದಂಡೆಯ ಮೇಲೆ ಸಾಹೇಬರು ಹಾಕಿಸುವ ಡೇರೆ ಮರೆಯಾಗುತ್ತಲೇ ಬಿಚ್ಚಿ ಹುಟ್ಟು ಹಾಕುವುದೆಂದು ತಮ್ಮಲ್ಲೇ ಮಾತಾಡಿಕೊಂಡರು. ಐದನೆಯವನು ಸಿದ್ರಾಮ. ಅವನೊಬ್ಬನೇ ನಗಲಿಲ್ಲ.

ಆ ಕಡವು ಅವನ ಅಪ್ಪನದು, ಅಜ್ಜನದು. ಹಿಂದಿನ ವರ್ಷ ಅದನ್ನು ಕಿತ್ತು ಬೇರೆಯವನಿಗೆ ಕೊಟ್ಟಿದ್ದರು. ಅಂದಿನಿಂದ ಸಿದ್ರಾಮ ತನ್ನ ಹೊಳೆಯಲ್ಲಿ ತಾನೇ ಕೂಲಿಯಾಗಿದ್ದ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹೆಂಡತಿ ಭೀಮವ್ವ. ಅವನು ದಿನಾ ಸಂಜೆ ಶಾಲೆಗೆ ಬಂದು, "ಮಾಸ್ತರ್ರ, ಆ ಚಿತ್ರ ಇನ್ನೊಮ್ಮಿ ತೋರಸ್ರಿ," ಅನ್ನುತ್ತಿದ್ದ. ನಾನು ಪತ್ರಿಕೆ ಬಿಚ್ಚಿ ಹೇಳುತ್ತಿದ್ದೆ. ಗಾಳಿ ಎದುರಿಗಿದ್ದರೂ ಹಾಯಿಯನ್ನು ಓರೆ ಹಿಡಿದರೆ ದೋಣಿ ಮುಂದೆ ಹೋಗುತ್ತದಂತೆ, ಹೀಗೆ ವಾಲಿದರೆ ವೇಗ ಬರುತ್ತದಂತೆ. ಹುಟ್ಟು ಹಿಡಿದು ಗೊತ್ತಿಲ್ಲದವನು, ಈಜು ಬಾರದವನು, ನೀರಿನ ಮೇಲೆ ಬದುಕಿದವನಿಗೆ ಪಾಠ ಹೇಳಿದೆ! "ತಿರಗೂದಿಲ್ಲೇನ್ರಿ ಅದು?" ಎಂದು ಒಮ್ಮೆ ಕೇಳಿದ. ಹಾಯಿ ಸರಿಯಾಗಿ ಹಿಡಿದರೆ ತಿರುಗುವುದಿಲ್ಲ ಎಂದೆ. ಅವನು ತನ್ನ ಕೈಯ ತಿಳಿವಳಿಕೆಗಿಂತ ನನ್ನ ಓದನ್ನು ಹೆಚ್ಚು ನಂಬಿದ. ಹಾಯಿಗೆ ನನ್ನದೇ ಕೆಂಪು ಅಂಚಿನ ಧೋತರ ಕೊಟ್ಟೆ. ದೊಡ್ಡ ಉಪಕಾರ ಮಾಡಿದೆನೆಂದು ಆ ರಾತ್ರಿ ಚೆನ್ನಾಗಿ ನಿದ್ದೆಯೂ ಮಾಡಿದೆ.

ಪಂದ್ಯದ ದಿನ ಊರೆಲ್ಲ ಹರಿಗೋಲುಗಳು ಹೊರಡುವಲ್ಲಿ, ಸಾಹೇಬರ ಡೇರೆಯ ಹತ್ತಿರ ನೆರೆದಿತ್ತು. ಮುಟ್ಟಬೇಕಾದ ಜಾಗ ಎರಡು ಮೈಲು ಕೆಳಗೆ, ಹೊಳೆಯ ತಿರುವು ದಾಟಿ. ಅಲ್ಲಿ ಮಿಠಾಯಿಯೂ ಇಲ್ಲ, ಸಾಹೇಬರೂ ಇಲ್ಲ, ಯಾರು ಬರುತ್ತಾರೆ? ನನ್ನೊಬ್ಬನನ್ನೇ ಕಳಿಸಿದರು. ಕೈಗೆ ಒಂದು ವಹಿ, ಸಾಹೇಬರ ಗಡಿಯಾರಕ್ಕೆ ಸರಿಮಾಡಿದ ಇನ್ನೊಂದು ಗಡಿಯಾರ. ಒಬ್ಬೊಬ್ಬ ಅಂಬಿಗನಿಗೂ ಒಂದೊಂದು ಬಣ್ಣದ ಬಟ್ಟೆಯ ತುಂಡು ಕೊಟ್ಟಿದ್ದರು. ಅದನ್ನು ತಂದು ನನಗೆ ಒಪ್ಪಿಸಬೇಕು, ನಾನು ಹೆಸರು ಮತ್ತು ವೇಳೆ ಬರೆಯಬೇಕು. ಸಿದ್ರಾಮನದು ಕೆಂಪು.

ಸರಿಯಾಗಿ ಮೂರಕ್ಕೆ ದೂರದಲ್ಲಿ ಬಂದೂಕು ಹಾರಿದ ಸದ್ದು ಕೇಳಿತು. ಹರಿಗೋಲು ಎರಡು ಮೈಲು ಬರಲು ಅರ್ಧ ಗಂಟೆಯಾದರೂ ಬೇಕು ಎಂದು ಜಾಲಿಗಿಡದ ಕೆಳಗೆ ಕೂತು ಎಲೆ ತೆಗೆದೆ. ಸುಣ್ಣ ಹಚ್ಚಿ ಬಾಯಿಗಿಡುವುದರೊಳಗೆ ತಿರುವಿನಲ್ಲಿ ಬೆಳ್ಳಗೆ ಏನೋ ಕಂಡಿತು.

ಹಾಯಿ. ನನ್ನ ಧೋತರ, ಕೆಂಪು ಅಂಚು. ಅದು ಚಿತ್ರದಲ್ಲಿದ್ದಂತೆಯೇ ಒಂದು ಕಡೆ ವಾಲಿ, ಗಾಳಿ ತುಂಬಿ ಬಿಗಿದು ಬರುತ್ತಿತ್ತು. ನಾನು ಕೂತಲ್ಲಿ ಜಾಲಿಯ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹರಿಗೋಲು ನೀರಿನಲ್ಲಿ ತಿರುಗಿಕೊಂಡೇ ಸಾಗುವ ವಸ್ತು, ಎಂಥ ಗಟ್ಟಿ ಅಂಬಿಗನಿದ್ದರೂ ಅದು ಒಂದಿಷ್ಟು ಸುತ್ತಿಯೇ ಸುತ್ತುತ್ತದೆ. ಇದು ಸುತ್ತಲಿಲ್ಲ. ಗೆರೆ ಎಳೆದ ಹಾಗೆ ನೇರ ನನ್ನ ಕಡೆಗೆ ಬಂತು. ಆಗ ನನಗೆ ಹೆದರಿಕೆ ಆಗಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಖುಷಿಯಾಯಿತು. ನಾನು ಹೇಳಿಕೊಟ್ಟದ್ದು ಸರಿಯಾಯಿತು ಎಂದು ಎದೆ ಉಬ್ಬಿತು.

ಮೊಣಕಾಲುದ್ದ ನೀರಿಗಿಳಿದೆ. ಸಿದ್ರಾಮ ಕೈ ಚಾಚಿ ಕೆಂಪು ಬಟ್ಟೆ ಕೊಟ್ಟ. ಅದು ಒಣಗಿತ್ತು. ಅವನ ಮೈಯೂ ಒಣಗಿತ್ತು.

"ಮಾಸ್ತರ್ರ, ನನ್ನ ಹೆಸರು ಬರಕೋರಿ," ಅಂದ.

"ಬರೀತೇನೋ ಮಾರಾಯಾ, ಇಳಿ! ಗೆದ್ದಿ ನೀ!"

"ಇಲ್ರಿ. ನಾ ಇನ್ನಾ ಮುಂದ ಹೋಗಬೇಕಾಗೇದ."

ದಂಡೆಗೆ ಬಂದು ವಹಿ ತೆಗೆದು ಬರೆದೆ: ಸಿದ್ರಾಮ, ಮೊದಲನೆಯವನು, ಮೂರು ಗಂಟೆ ಹತ್ತು ನಿಮಿಷ. ತಲೆ ಎತ್ತಿದಾಗ ಹೊಳೆ ಖಾಲಿ. ಗೆದ್ದ ಹುರುಪಿನಲ್ಲಿ ಹೊಳೆಯ ಕೆಳಗಿನ ಗಾಣಗಾಪುರದ ಕಡೆಗೆ ಬಿಟ್ಟುಕೊಂಡು ಹೋದ, ಹುಚ್ಚ, ಎಂದುಕೊಂಡೆ. ಹತ್ತು ನಿಮಿಷದಲ್ಲಿ ಎರಡು ಮೈಲು ಹೇಗೆ ಬಂದ ಎಂಬ ಲೆಕ್ಕ, ಲೆಕ್ಕದ ಮಾಸ್ತರನಾದ ನನಗೆ ಹೊಳೆಯಲೇ ಇಲ್ಲ.

ಉಳಿದ ನಾಲ್ವರು ಬರಲಿಲ್ಲ. ಹೊತ್ತು ಇಳಿಯತೊಡಗಿದಾಗ ಊರ ತಳವಾರ ಓಡುತ್ತ ಬಂದ. "ಮಾಸ್ತರ್ರ, ಆಟ ನಿಂತದ್ರಿ. ಸಿದ್ರಾಮ ಮುಳಗಿದ. ಬಂದೂಕಿನ ಹೊಗಿ ಇನ್ನಾ ಆರಿದ್ದಿಲ್ರಿ, ಡೇರೆದ ಮುಂದಿನ ಬಂಡಿಗಲ್ಲಿನ ಮಡುವಿನಾಗ ಗಾಳಿ ಹಾಯಿಗಿ ಬಡೀತು, ಬುಗುರಿ ತಿರಗಿದಂಗ ತಿರಗಿ ಬೋರಲ ಬಿತ್ತು. ಮ್ಯಾಲೆ ಏಳಲೇ ಇಲ್ಲ."

"ಏ ಹುಚ್ಚಾ, ನನ್ನ ಕೈಯಾಗೇ ಬಟ್ಟಿ ಕೊಟ್ಟಾನ ನೋಡು!" ಎಂದು ನಾನೇ ಅವನನ್ನು ಗದರಿಸಿದೆ. ಎರಡು ಮೈಲು ಓಡಿದೆ. ದಂಡೆಯಲ್ಲಿ ಭೀಮವ್ವ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು, ಹೆಂಗಸರು ಹಿಡಿದುಕೊಂಡಿದ್ದರು. "ಅಳಬ್ಯಾಡವ್ವಾ, ಅದಾನ! ನಾ ಕಣ್ಣಾರೆ ನೋಡೇನಿ!" ಎಂದು ಕೂಗಿದೆ. ಅವಳ ಅಳು ಅಲ್ಲಿಗೇ ನಿಂತಿತು. ನಿಲ್ಲಿಸಿದವನು ನಾನು.

ಸಾಹೇಬರು ನನ್ನ ಕೈಯಿಂದ ವಹಿ ಮತ್ತು ಬಟ್ಟೆ ಎರಡನ್ನೂ ಇಸಿದುಕೊಂಡರು. ಮುಳುಗಿದಂತೆ ಕಂಡ, ಎದ್ದ, ಗುರಿ ಮುಟ್ಟಿ ಮುಂದೆ ಹೊರಟುಹೋದ ಎಂದು ಆ ಸಂಜೆಯೇ ಕಾಗದವಾಯಿತು. ಹತ್ತು ನಿಮಿಷದ ಲೆಕ್ಕ ಸರಿಹೊಂದಲೆಂದು, ಬಂದೂಕು ಹಾರಿದ್ದು ಮೂರಕ್ಕಲ್ಲ, ಎರಡೂವರೆಗೆ ಎಂದೂ ಬರೆದರು. ಊರಿನವರೆಲ್ಲ ಹೌದ್ರಿ ಅಂದರು. ಕೆಳಗೆ ನನ್ನ ಸಹಿಯೂ ಬಿತ್ತು.

ಮೂರನೆಯ ದಿನ ಕುರುಬರು ಹರಿಗೋಲನ್ನು ಕಂಡರು. ಅದು ಮಡುವಿನಿಂದ ನೂರು ಮಾರು ಕೆಳಗೆ ಜಾಲಿಯ ಪೊದೆಯಲ್ಲಿ ಸಿಕ್ಕಿಕೊಂಡಿತ್ತು. ಚರ್ಮ ಹರಿದಿತ್ತು, ಬಿದಿರು ಮುರಿದಿತ್ತು, ನನ್ನ ಧೋತರ ಅದಕ್ಕೇ ಸುತ್ತಿಕೊಂಡು ಕೆಸರಾಗಿತ್ತು. ನಾನು ಕೂತಿದ್ದ ಜಾಗಕ್ಕೆ ಅದು ಬಂದೇ ಇರಲಿಲ್ಲ. ಹೆಣ ಸಿಗಲಿಲ್ಲ.

ಸಾಹೇಬರ ಹತ್ತಿರ ಹೋಗಿ, ನಾನು ಬರೆದದ್ದನ್ನು ಹೊಡೆದುಹಾಕಿರಿ, ಆ ಹುಡುಗಿ ಗಂಡ ಸತ್ತನೆಂದು ಅಳಲಿ, ಕಡವನ್ನಾದರೂ ಅವಳ ಮನೆಗೆ ಕೊಡಿ ಎಂದು ಕೈ ಮುಗಿದೆ. ಅವರು ಸಿಟ್ಟಾಗಲಿಲ್ಲ. "ಮಾಸ್ತರ್, ನೀ ಅವನ್ನ ನೋಡಿದಿಯೋ ಇಲ್ಲೋ?" ಎಂದು ಕೇಳಿದರು.

"ನೋಡೇನ್ರಿ."

"ಮತ್ತ? ಖರೇ ಬರದೀದಿ, ಖರೇ ಇರಲಿ. ಸುಳ್ಳು ಬರದ ಮಾಸ್ತರನ್ನ ಶಾಲಿಯೊಳಗ ಹ್ಯಾಂಗ ಇಟಗೊಳ್ಳಲಿ?"

ಸುಳ್ಳು ಬರೆದೆ ಅಂದಿದ್ದರೆ ಮುಗಿಯುತ್ತಿತ್ತು. ನೌಕರಿ ಹೋಗುತ್ತಿತ್ತು, ಅಷ್ಟೆ. ನಾನು ಸತ್ಯವಂತನಾಗಿ ಉಳಿದೆ. ಥೂ, ಎಂಥ ಸತ್ಯ! ಅದು ನನ್ನ ಸಂಬಳವನ್ನು ಕಾಯ್ದುಕೊಂಡಿತು, ಸಾಹೇಬರ ಬಡತಿಯನ್ನು ಕಾಯ್ದುಕೊಂಡಿತು.

ಭೀಮವ್ವನ ಗತಿ ಕೇಳಬೇಡಿ. ಗಂಡ ಸತ್ತಿದ್ದರೆ ಅಯ್ಯೋ ಅನ್ನುವ ಜನ, ಗಂಡ ಬಿಟ್ಟುಹೋದ ಅಂದಾಗ ಇವಳಲ್ಲಿ ಏನೋ ಐಬು ಇರಬೇಕು ಅಂದರು. ಅತ್ತೆ ಮನೆಯಿಂದ ಹೊರಗೆ ಹಾಕಿದಳು. ಅವಳು ಬಳೆ ಒಡೆಯುವಂತಿಲ್ಲ, ಸತ್ತವನ ದಿನ ಮಾಡುವಂತಿಲ್ಲ, ತವರಿಗೆ ಹೋದರೆ ಉಡಿಕಿ ಮಾಡಿ ಇನ್ನೊಬ್ಬನಿಗೆ ಮರುಮದುವೆ ಕೊಡುವಂತಿಲ್ಲ. ಮಾಸ್ತರ ನೋಡಿದ್ದಾನಲ್ಲ! ಗಾಣಗಾಪುರಕ್ಕೆ ಹೋಗಿ ಯಾತ್ರಿಕರ ಪಾತ್ರೆ ತಿಕ್ಕುತ್ತಾಳೆ ಎಂದು ಕೇಳಿದೆ. ಅವನು ಮುಂದೆ ಹೋಗಬೇಕು ಅಂದಿದ್ದು ಆ ದಿಕ್ಕಿಗೇ. ನಾನು ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಜೇವರ್ಗಿ ಕಡೆ ನೆಲೋಗಿಗೆ ಹೋದೆ. ಹೊಳೆ ಕಾಣದ ಊರು ಎಂದೇ ಹೋದೆ.

ಹನ್ನೆರಡು ವರ್ಷ ಕಳೆದವು. ಲಂಡನ್ನಿನಲ್ಲಿ ಮತ್ತೆ ಆ ಆಟಗಳು ನಡೆದ ವರ್ಷ, ನಿಜಾಮರ ಆಳ್ವಿಕೆ ಮುಗಿದು ನಮ್ಮ ರಾಜ್ಯದ ಗದ್ದಲ ತಣ್ಣಗಾದ ಮೇಲೆ, ಒಂದು ಹಳೆಯ ಸಚಿತ್ರ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲಿಯೂ ಹಾಯಿದೋಣಿ. ಆದರೆ ಈ ದೋಣಿ ನೀರಿನಲ್ಲಿರಲಿಲ್ಲ, ದಂಡೆಯ ಮೇಲೆ ಎತ್ತಿ ನಿಲ್ಲಿಸಿದ್ದರು. ಅದರ ಹೊಟ್ಟೆಯ ಕೆಳಗೆ ಆಳಕ್ಕೆ ಇಳಿಯುವ ಒಂದು ಭಾರಿ ರೆಕ್ಕೆ, ಹೊಲ ಹರಗುವ ಕುಂಟೆಯ ಕುಡದ ಹಾಗೆ. ದೋಣಿಯನ್ನು ನೇರ ಹಿಡಿಯುವುದೂ ಮಗುಚದಂತೆ ಕಾಯುವುದೂ ಅದೇ ಎಂದು ಬರೆದಿದ್ದರು. ಸಾಹೇಬರ ಪತ್ರಿಕೆಯ ಚಿತ್ರದಲ್ಲಿ ನೀರಿನ ಮೇಲಿನದಷ್ಟೇ ಇತ್ತು. ನಾನು ಸಿದ್ರಾಮನಿಗೆ ಕಲಿಸಿದ್ದೂ ಅಷ್ಟೇ. ಹಾಗಾದರೆ ಆ ದಿನ ನನ್ನ ಕಡೆಗೆ ಅಷ್ಟು ನೇರ ಬಂದ ಹರಿಗೋಲಿನ ಅಡಿಯಲ್ಲಿ ಏನಿತ್ತು?

ಮರುದಿನವೇ ಗಾಣಗಾಪುರಕ್ಕೆ ಹೋದೆ. ಈ ಸಲ ಸುಳ್ಳು ಹೇಳಿಯೇ ಬರುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಭೀಮವ್ವ ಘಾಟಿನ ಮೆಟ್ಟಿಲ ಮೇಲೆ ಹಿತ್ತಾಳೆ ಕೊಡ ಬೆಳಗುತ್ತಿದ್ದಳು. ಮೂವತ್ತು ದಾಟಿರಬೇಕು, ಐವತ್ತರವಳಂತೆ ಕಂಡಳು. ಹಣೆಗೆ ಕುಂಕುಮ, ಕೈತುಂಬ ಹಸಿರು ಬಳೆ. ನನ್ನ ಗುರುತು ಸಿಕ್ಕಿ ಸೆರಗು ಸರಿಮಾಡಿಕೊಂಡಳು.

"ಬರ್ರಿ ಮಾಸ್ತರ್ರ. ಆರಾಮ ಅದೀರಿ?"

ನಾನು ನಿಂತುಕೊಂಡೇ ಹೇಳಿದೆ. "ತಂಗಿ, ಸಿದ್ರಾಮ ಅವತ್ತೇ ಸತ್ತ. ಮಡುವಿನೊಳಗೇ ಹೋದ. ನಾ ಅವನ್ನ ನೋಡಿಲ್ಲ. ಸಾಹೇಬರ ಅಂಜಿಕಿಗಿ ಸುಳ್ಳು ಬರದೆ. ನನ್ನ ಮಾತಿಗಿ ನಿನ್ನ ಬಾಳೇವು ಹಾಳಾತು. ಇನ್ನ ಬಿಡವ್ವಾ, ಕಾಯಬ್ಯಾಡ."

ಅವಳು ಕೊಡವನ್ನು ಕೆಳಗಿಟ್ಟಳು. ಕಿರುಚುತ್ತಾಳೆ, ಬೂದಿಗೈಯಿಂದ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಯಡಿಕೆ ಚೀಲ ಬಿಚ್ಚಿ, ಒಳಗಿನಿಂದ ಒಂದು ಬಟ್ಟೆಯ ತುಂಡು ತೆಗೆದಳು. ಬಣ್ಣ ಹೋಗಿತ್ತು, ಆದರೂ ಕೆಂಪೆಂದು ತಿಳಿಯುತ್ತಿತ್ತು. ಸಾಹೇಬರ ಜವಾನನ ಕಾಲು ಹಿಡಿದು ಕಾಗದಪತ್ರದೊಳಗಿಂದ ಇಸಿದುಕೊಂಡಿದ್ದಳಂತೆ.

"ಪಂದ್ಯದ ದಿನ ಇದನ್ನ ಅವನ ರಟ್ಟಿಗಿ ನಾನೇ ಕಟ್ಟಿದ್ದೆರಿ," ಅಂದಳು. "ಹೊಳ್ಯಾಗ ಬೀಳಬಾರದಂತ ಮೂರು ಗಂಟು ಹಾಕಿದ್ದೆ. ನೋಡ್ರಿ, ಗಂಟಿನ ಸುಕ್ಕು ಇನ್ನಾ ಅದಾವ. ಅವ ಬರಲಿಲ್ಲಂದ್ರ, ಇದನ್ನ ಬಿಚ್ಚಿ ನಿಮ್ಮ ಕೈಯಾಗ ಕೊಟ್ಟವರು ಯಾರ್ರಿ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಬಟ್ಟೆ ಮಡಿಚಿ ಚೀಲದಲ್ಲಿಟ್ಟು, ಕೊಡ ಎತ್ತಿಕೊಂಡು ಮತ್ತೆ ಬೆಳಗತೊಡಗಿದಳು. ಬಳೆ ಸದ್ದು ಮಾಡುತ್ತಿದ್ದವು.