ಪಾಕೀಟಿನ ಮೇಲಿನ ರೊಟ್ಟಿ

ನಿನ್ನೆ, ನಮ್ಮ ಇಂಡಿ ಊರಿನ ಆಸ್ಪತ್ರೆಗೆ ಹೊಸದಾಗಿ ಬಂದ ಫಾರ್ಮಸಿಸ್ಟ್ ಬಾಯಿ, ಮೈಸೂರು ಕಡೆಯವರು, ಒಂದು ಗುಳಿಗೆ ಪಾಕೀಟು ಹಿಡಿದುಕೊಂಡು ಡ್ರೆಸ್ಸಿಂಗ್ ಕೋಣೆಗೆ ಬಂದರು. ಸಂತೆಯ ಶೆಡ್ಡಿನಲ್ಲಿ ಮಲಗುವ ಲಕ್ಕವ್ವನ ಪಾಕೀಟು ಅದು. ಕೈ ಸುಟ್ಟುಕೊಂಡು ಬಂದಿದ್ದಳು. ಅದರ ಮೇಲೆ ನಾನು ಅರ್ಧ ಸೂರ್ಯ, ಪೂರ್ತಿ ಸೂರ್ಯ, ಚಂದ್ರ ಬರೆದಿದ್ದೆ. ಓದಲು ಬಾರದವರಿಗೆ ಹಾಗೆ ಹೊತ್ತು ತೋರಿಸಿ ಕೊಡುವುದು ರೂಢಿ. ಫಾರ್ಮಸಿಸ್ಟ್ ಬಾಯಿಯ ತಕರಾರು ಒಂದೊಂದು ಚಿತ್ರಕ್ಕೂ ಮೊದಲು ನಾನು ಎಳೆದ ದುಂಡು ಗೆರೆಯ ಬಗ್ಗೆ. "ಈ ಸೊನ್ನೆ ಯಾಕೆ ಮೇಡಂ?" ಎಂದರು. ಸೊನ್ನೆಯಲ್ಲ, ರೊಟ್ಟಿ ಎಂದೆ. ನಕ್ಕರು. ನಗಲಿ, ಅವರದೇನು ತಪ್ಪು? ಶಾಲೆಯಲ್ಲಿ ನಾನು ಬರೆದ ಆಕಳನ್ನು ನೋಡಿ ನಮ್ಮ ಮಾಸ್ತರರು ಮಂಚ ಚೆನ್ನಾಗಿ ಬಂದಿದೆ ಎಂದಿದ್ದರು.

ಅವರನ್ನು ಕೂಡಿಸಿಕೊಂಡು ಆ ರೊಟ್ಟಿಯ ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ, ಕೇಳಿ.

ನಾನು ಬಸವನ ಬಾಗೇವಾಡಿಯವಳು. ನರ್ಸ್ ನೌಕರಿ ನನ್ನನ್ನು ಮುದ್ದೇಬಿಹಾಳ, ಸಿಂದಗಿ, ಈಗ ಇಂಡಿ ಎಂದು ಸುತ್ತಿಸಿದೆ. ಹೋದಲ್ಲೆಲ್ಲ ನನ್ನ ಕೈಗುಣಕ್ಕಿಂತ ಮೊದಲು ನನ್ನ ಬಾಯಿ ಹೆಸರಾಗಿದೆ. ಗಾಯ ತೊಳೆಯುವಾಗ ಯಾರಾದರೂ ಮಿಸುಕಿದರೆ ಗದರದೆ ಬಿಟ್ಟವಳಲ್ಲ. ಈ ಬಾಯಾರು ಬೈದರೇ ಅರ್ಧ ಗುಣ ಎಂದು ಸಿಂದಗಿಯಲ್ಲಿ ಒಬ್ಬ ಹಿರಿಯರು ಸುದ್ದಿ ಹಬ್ಬಿಸಿದ್ದರು. ಅದು ಹೊಗಳಿಕೆಯೋ ಕುಟುಕೋ ಎಂದು ನಾನು ಇವತ್ತಿಗೂ ವಿಚಾರಿಸಲು ಹೋಗಿಲ್ಲ.

ಸಂಗಪ್ಪ ಕಾಕಾ ಆ ಸಿಂದಗಿಯ ಬಸ್ ನಿಲ್ದಾಣದಲ್ಲಿದ್ದ. ಇದ್ದ ಎಂದರೆ ಅಲ್ಲೇ ಮಲಗುತ್ತಿದ್ದ, ಅಲ್ಲೇ ಏಳುತ್ತಿದ್ದ. ಮನೆ ಎಂಬುದು ಇರಲಿಲ್ಲ. ಪ್ರಾಯದಲ್ಲಿ ಗೌಂಡಿ ಕೆಲಸ ಮಾಡಿ ಹತ್ತಾರು ಊರಲ್ಲಿ ಮಂದಿಗೆ ಮನೆ ಕಟ್ಟಿಕೊಟ್ಟವನು. ಆಸ್ಪತ್ರೆಯ ಚೀಟಿಯಲ್ಲಿ ಊರು ಬರೆಯಬೇಕಲ್ಲ, ಯಾವೂರು ಎಂದು ಕೇಳಿದೆ. "ನಿಡಗುಂದಿ ಕಡಿ ಇತ್ರಿ. ಈಗ ನೀರಾಗೈತ್ರಿ," ಎಂದ. ಆಲಮಟ್ಟಿಯ ಹಿನ್ನೀರಿಗೆ ಹೋದ ಊರು. ಚೀಟಿಯಲ್ಲಿ ನೀರೊಳಗೆ ಎಂದು ಬರೆಯಲು ಬರುವುದಿಲ್ಲ, ನಿಡಗುಂದಿ ಎಂದು ಬರೆದೆ.

ಬಲಗಾಲಿಗೆ ಮೊಳೆ ಚುಚ್ಚಿ ಗಾಯ ಕೀವು ಕಟ್ಟಿತ್ತು. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ಡಾಕ್ಟರು ನೋಡಿ, ಎರಡು ವಾರದಲ್ಲಿ ಒಣಗುವ ಲಕ್ಷಣ ಕಾಣದಿದ್ದರೆ ವಿಜಯಪುರಕ್ಕೆ ಕಳಿಸಬೇಕು, ಅಲ್ಲಿ ಪಾದವನ್ನೇ ತೆಗೆಯಬೇಕಾದೀತು ಎಂದರು. ಭರ್ತಿಯಾಗು ಎಂದರೆ ಕಾಕಾ ಒಪ್ಪಲಿಲ್ಲ. ಅವನು ಎದ್ದು ಬಂದರೆ ನಿಲ್ದಾಣದ ಕಟ್ಟೆಯ ಮೇಲಿನ ಅವನ ಜಾಗ ಬೇರೆ ಯಾರೋ ಹಿಡಿಯುತ್ತಾರಂತೆ. ನಿಲ್ದಾಣ ನನ್ನ ದಾರಿಯಲ್ಲೇ ಇತ್ತು. ನಾನೇ ದಿನಾ ಮುಂಜಾನೆ ಬಂದು ಪಟ್ಟಿ ಕಟ್ಟುತ್ತೇನೆ, ಕಾಲು ನೆಲಕ್ಕೆ ಊರಿದರೆ ನೋಡು ಎಂದು ತಾಕೀತು ಮಾಡಿದೆ. ಗುಳಿಗೆ ದಿನಕ್ಕೆ ಮೂರು ಸಲ, ಊಟವಾದ ಮೇಲೆ ಎಂದೂ ಹೇಳಿದೆ. ಅವನು ಎಲ್ಲದಕ್ಕೂ ಹೂಂ ಅಂದ.

ನಮ್ಮ ಕಡೆಯ ಒಂದು ರೀತಿ ನಿಮಗೆ ಗೊತ್ತೇ ಇದೆ. ಎದುರಿಗೆ ಯಾರು ಸಿಕ್ಕರೂ ಮೊದಲ ಮಾತು ಊಟ ಆತ್ರಿ. ಹನ್ನೊಂದು ಗಂಟೆಗೂ ಅದೇ, ನಾಲ್ಕು ಗಂಟೆಗೂ ಅದೇ. ಜವಾಬೂ ಒಂದೇ, ಆತ್ರಿ. ಆಗಿದೆಯೋ ಇಲ್ಲವೋ ಎಂದು ಯಾರೂ ಆ ಮಾತಿನ ಬೆನ್ನು ಹತ್ತಿ ಹೋಗುವುದಿಲ್ಲ. ನಾನೂ ದಿನಾ ಕಾಕಾನ ಕಾಲಿನ ಪಟ್ಟಿ ಬಿಚ್ಚುತ್ತ ಕೇಳುತ್ತಿದ್ದೆ, ಅವನು ಆತ್ರಿ ಎನ್ನುತ್ತಿದ್ದ. ಮುಂದೆ ಮಳೆ, ಬಸ್ಸು, ಜೋಳದ ಬೆಳೆ ಎಂದು ಮಾತು ಸಾಗುತ್ತಿತ್ತು.

ಹತ್ತನೆಯ ದಿನ ಪಟ್ಟಿ ಬಿಚ್ಚಿದರೆ ಗಾಯ ಮೊದಲಿಗಿಂತ ಕೆಟ್ಟಿತ್ತು. ಕಿರುಬೆರಳು ಕಪ್ಪಾಗಿತ್ತು. ಪಾಕೀಟು ತಾ ಎಂದು ಕಸಿದುಕೊಂಡು ನೋಡಿದೆ, ಮುಕ್ಕಾಲು ಪಾಲು ಗುಳಿಗೆ ಹಾಗೇ ಇದ್ದವು. ನನ್ನ ಪಿತ್ತ ನೆತ್ತಿಗೇರಿತು. ಅಷ್ಟು ಜನರ ಎದುರಿಗೆ, ಬಸ್ಸಿಗೆ ಕಾಯುವವರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಕಾಲು ಕಳಕೊಳ್ಳುವ ಹುಕಿ ಇದ್ದರೆ ನನ್ನ ಕೈಯಲ್ಲಿ ಯಾಕೆ ಕಟ್ಟಿಸಿಕೊಳ್ಳುತ್ತೀ ಎಂದೆ. ನಾನು ಬೈದು ಮುಗಿಸಿದ ಮೇಲೆ ಅವನು ಹೇಳಿದ.

"ನೀವ ಹೇಳಿದ್ರಲ್ರಿ ಬಾಯಾರ, ಊಟ ಆದಮ್ಯಾಲ ತಗೋ ಅಂತ. ಆದಾಗ ತಗೊಂಡೇನ್ರಿ."

"ದಿನಾ ಕೇಳಿದಾಗ ಊಟ ಆತ್ರಿ ಅಂತಿದ್ದೆಲ್ಲ ಕಾಕಾ?"

"ಕೇಳಿದವರಿಗೆ ಆಗಿಲ್ಲ ಅನ್ನಾಕ ಬರ್ತೈತೇನ್ರಿ?"

ಆಮೇಲೆ ಒಂದೊಂದಾಗಿ ತಿಳಿಯಿತು. ಮೊದಲೆಲ್ಲ ಐದಾರು ಮನೆ ತಿರುಗಿ ರೊಟ್ಟಿ ತಂದು ಉಣ್ಣುತ್ತಿದ್ದನಂತೆ. ಕಾಲು ಊರಬೇಡ ಎಂದು ನಾನು ಹೇಳಿದ ದಿನದಿಂದ ಆ ತಿರುಗಾಟ ನಿಂತಿತ್ತು. ಅಂದರೆ ಅವನನ್ನು ಉಪವಾಸ ಕೆಡವಿದವಳು ನಾನು. ಎದುರಿನ ಚಹಾದಂಗಡಿಯ ಮಹಿಬೂಬಸಾಬರ ಮೇಲೆ ಜಗಳಕ್ಕೆ ಹೋದೆ, ನಿಮ್ಮ ಕಣ್ಣೆದುರಿಗೇ ಇದ್ದಾನಲ್ಲ ಎಂದು. ಅವರ ಮುಖ ಸಣ್ಣದಾಯಿತು. ಅವರೂ ದಿನಾ ಚಹಾ ಕೊಡುವಾಗ ಊಟ ಆತೇನು ಎಂದು ಕೇಳಿದ್ದರಂತೆ. ಇಡೀ ನಿಲ್ದಾಣ ಕೇಳಿ ಸಮಾಧಾನಪಟ್ಟುಕೊಂಡಿತ್ತು. ಅವತ್ತು ಡ್ಯೂಟಿಯಲ್ಲಿ ನಾನು ಯಾರಿಗೂ ಬೈಯಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಗಿತ್ತು.

ಮರುದಿನ ಡಬ್ಬಿ ಒಯ್ದೆ, ರೊಟ್ಟಿ, ಶೇಂಗಾ ಚಟ್ನಿಪುಡಿ, ಹೆಸರುಕಾಳಿನ ಪಲ್ಯ. ಮುಟ್ಟಲಿಲ್ಲ. ನಿಮ್ಮ ಪಾಲಿನದು ನನಗೆ ಬೇಡ ಎಂದು ಆ ಕಡೆ ಮುಖ ತಿರುಗಿಸಿ ಕೂತ. ಬೇಡಿ ತಿನ್ನುವವನಿಗೆ ಇಷ್ಟು ಹಟವೇ ಎಂದು ನಿಮಗೆ ಅನ್ನಿಸಬಹುದು. ಐದಾರು ಮನೆಗೆ ಹಂಚಿದ ಋಣ ಬೇರೆ, ಒಬ್ಬಳ ಡಬ್ಬಿ ಖಾಲಿ ಮಾಡುವುದು ಬೇರೆ ಎಂಬುದು ಅವನ ಲೆಕ್ಕ. ನನಗೆ ಹೊಳೆದದ್ದು ಒಂದೇ ಉಪಾಯ. ಪೆನ್ನು ತೆಗೆದು ಪಾಕೀಟಿನ ಮೇಲೆ ಸೂರ್ಯ, ಚಂದ್ರರಿಗೆ ಮೊದಲು ಒಂದೊಂದು ದುಂಡು ಎಳೆದೆ. ಇದು ಡಾಕ್ಟರು ಬರೆದ ಔಷಧ, ಮೊದಲು ರೊಟ್ಟಿ, ಹಿಂದಿನಿಂದ ಗುಳಿಗೆ ಎಂದೆ. ಅವನು ಪಾಕೀಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನಂಬಿದನೋ, ನನ್ನ ಮುಖ ನೋಡಿ ನಂಬಿದಂತೆ ಮಾಡಿದನೋ. "ಬರದಾರಂದ್ರ ಆತು ಬಿಡ್ರಿ," ಎಂದು ಕೈ ತೊಳೆದು ರೊಟ್ಟಿ ಮುರಿದ.

ಮುಂಜಾನೆಯ ದುಂಡು ನನ್ನದು. ಉಳಿದ ಎರಡು ಮಹಿಬೂಬಸಾಬರ ಮನೆಯಿಂದ ಬಂದವು. ಕಿರುಬೆರಳು ಹೋಯಿತು, ಪಾದ ಉಳಿಯಿತು. ಅವನ ಕಾಲಿನಲ್ಲಿ ಕೆಂಪು ಹೊಸ ಚರ್ಮ ಕಂಡ ದಿನ ನನಗೆ ಹಬ್ಬವೆನಿಸಿತು. ಒಂದು ಮುಂಜಾನೆ ಹೋದರೆ ಕಟ್ಟೆ ಖಾಲಿ. ನಿಡಗುಂದಿ ಬಸ್ಸು ಹತ್ತಿ ಹೋದ, ಎರಡೂ ಕಾಲಲ್ಲಿ ನಡೆದೇ ಹತ್ತಿದ ಎಂದು ಮಹಿಬೂಬಸಾಬರು ಹೇಳಿ, ನನ್ನ ಕೈಗೆ ಖಾಲಿ ಪಾಕೀಟು ಕೊಟ್ಟರು. ಎಲ್ಲ ಮುಗಿಸಿದ್ದೇನೆಂದು ಬಾಯಾರಿಗೆ ತೋರಿಸಿರಿ ಅಂದಿದ್ದನಂತೆ. ಅದನ್ನು ಎಲ್ಲೋ ಜೋಪಾನವಾಗಿ ಇಟ್ಟಿದ್ದೆ. ಇದನ್ನು ಬರೆಯುವ ಮುಂಚೆ ಟ್ರಂಕೆಲ್ಲ ಹುಡುಕಿದೆ, ಸಿಗಲಿಲ್ಲ.

ಇಷ್ಟು ಹೇಳಿ ಮುಗಿಸಿದಾಗ ಫಾರ್ಮಸಿಸ್ಟ್ ಬಾಯಿಯ ಕಣ್ಣು ಒದ್ದೆಯಾಗಿದ್ದವು. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಅವರು ಲಕ್ಕವ್ವನ ಪಾಕೀಟನ್ನು ಮತ್ತೊಮ್ಮೆ ನೋಡಿ ಮೆಲ್ಲಗೆ ಕೇಳಿದರು. "ಈ ರೊಟ್ಟಿ ಇವಳಿಗೆ ಯಾರು ಕೊಡ್ತಾರೆ ಮೇಡಂ?"

ಇಂಡಿಗೆ ಬಂದ ಮೇಲೆ ಎಷ್ಟು ಪಾಕೀಟುಗಳ ಮೇಲೆ ದುಂಡು ಎಳೆದೆನೋ. ಗೆರೆ ಎಳೆದು, ಸಮಾಧಾನದಿಂದ ಪೆನ್ನಿನ ಮುಚ್ಚಳ ಹಾಕಿ, ಮುಂದಿನವರನ್ನು ಕರೆದಿದ್ದೇನೆ. ಊಟ ಆತ್ರಿ ಎಂದು ಕೇಳುವ ಹಾಗೇ ಅದೂ ಒಂದು ರೂಢಿಯಾಗಿಬಿಟ್ಟಿತ್ತು.

ಇವತ್ತು ಮುಂಜಾನೆ ಡ್ಯೂಟಿಗೆ ಮೊದಲು ಸಂತೆಯ ಶೆಡ್ಡಿಗೆ ಹೋದೆ. ಮನೆಯಲ್ಲಿ ಉಣ್ಣದೆ ಹೊರಟಿದ್ದೆ. ಕೈಯಲ್ಲಿದ್ದದ್ದು ನನ್ನದೊಂದೇ ಡಬ್ಬಿ. ಲಕ್ಕವ್ವ ಸುಟ್ಟ ಕೈಯನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಊಟ ಆತೇನು ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನಿನ್ನೆಯಿಂದ ಏನೇನು ತಿಂದೆ, ಹೆಸರು ಹೇಳು ಎಂದೆ. ಅವಳು ನೆಲ ನೋಡಿದಳು. ನಾನು ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದಿಟ್ಟೆ.

ಅವಳು ರೊಟ್ಟಿ ಮುರಿಯಲಿಲ್ಲ. ಡಬ್ಬಿಯನ್ನೂ ನನ್ನನ್ನೂ ನೋಡಿ, "ನಿಮ್ದು ಊಟ ಆತ್ರಿ ಬಾಯಾರ?" ಎಂದಳು.

"ಆತವ್ವಾ," ಎಂದೆ.