ಅಕ್ಕನ ಸೇರು ತುಂಬಿದ ಮಧ್ಯಾಹ್ನ

ದೆವ್ವ, ಪವಾಡ ಅಂತ ಯಾರಾದರೂ ಮಾತು ತೆಗೆದರೆ ಚಹಾ ಮಾಡುವ ನೆಪದಲ್ಲಿ ಎದ್ದು ಹೋಗುವ ಜಾತಿ ನನ್ನದು. ಹಾಗಾಗಿ ಇದನ್ನು ಬರೆಯಲು ಸಂಕೋಚವಾಗುತ್ತಿದೆ. ನೀವು ನಂಬಲೇಬೇಕೆಂದೇನೂ ಇಲ್ಲ.

ನನ್ನನ್ನು ಸಾಕಿ ಬೆಳೆಸಿದ ಅಕ್ಕನಿಗೆ ಕ್ಯಾನ್ಸರ್ ಕೈಮೀರಿದಾಗ ಮಕ್ತಲ್‌ನ ನಮ್ಮ ಮನೆಗೆ ಕರೆತಂದೆ. ಎದ್ದು ಕೂರುವ ಶಕ್ತಿಯೂ ಅವಳಿಗೆ ಇರಲಿಲ್ಲ. ನಾನು ಹಲ್ಲು ಕಿಸಿಯುತ್ತ, ಆರಾಮಾಗುತ್ತೀ ಅನ್ನುತ್ತಿದ್ದೆ. ಅವಳೂ ಹೂಂ ಅನ್ನುತ್ತಿದ್ದಳು. ಸಾವಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಂದು ಮಾತೂ ಬಿಚ್ಚಿ ಆಡದೆ ಅವಳು ಹೋಗಿಬಿಟ್ಟರೆ ಎಂಬುದೇ ನನ್ನ ಭಯ.

ನಾರಾಯಣಪೇಟೆಯಿಂದ ವಾರಕ್ಕೊಮ್ಮೆ ನರ್ಸಮ್ಮ ಬರುತ್ತಿದ್ದರು. ರೋಗಿಯ ದುಃಖವನ್ನೂ, ನೋಡಿಕೊಳ್ಳುವವರ ದುಃಖವನ್ನೂ ಕೇಳುವುದು ಅವರ ಪದ್ಧತಿ. ದುಃಖಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಅಂದರೆ ನಮ್ಮ ಕಡೆಯವರು ಕಕ್ಕಾಬಿಕ್ಕಿಯಾಗುತ್ತಾರೆ. ಅದಕ್ಕೇ ಅವರು ಇಬ್ಬರಿಗೂ ಜೋಳ ಅಳೆಯುವ ಒಂದೊಂದು ಸೇರು ಇಡಿಸುತ್ತಿದ್ದರು.

“ಮೈನೋವಲ್ರಿ ಅಮ್ಮಾ, ಎದಿಯೊಳಗಿನ ಬಾಧೆ ಎಷ್ಟೈತಿ? ಜ್ವಾಳ ಹಾಕಿ ತೋರಸ್ರಿ. ನಾ ಮತ್ತ ಬರೂತನಕ ಹಂಗ ಇರ್ಲಿ.”

ಆ ದಿನ ಅಕ್ಕ ಮಂಚದ ಪಕ್ಕದ ಸೇರಿಗೆ ಒಂದು ಹಿಡಿ ಹಾಕಿಸಿದಳು. ನಾನು ಅಡುಗೆಮನೆಯಲ್ಲಿ, ಅವಳಿಗೆ ಕಾಣದಂತೆ, ನನ್ನ ಸೇರನ್ನು ತುಳುಕುವಷ್ಟು ತುಂಬಿದೆ.

ನರ್ಸಮ್ಮ ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಅಕ್ಕನ ಪಕ್ಕ ನೆಲದ ಮೇಲೆ ಅಡ್ಡಾದೆ. ಮನೆಯಲ್ಲಿ ನಾವಿಬ್ಬರೇ. ಎಚ್ಚರವಾದಾಗ ಇನ್ನೂ ಬಿಸಿಲಿತ್ತು. ಅಕ್ಕನ ಸೇರು ಅರ್ಧಕ್ಕಿಂತ ಮೇಲೆ ತುಂಬಿತ್ತು! ಅಡುಗೆಮನೆಗೆ ಓಡಿದೆ. ನನ್ನದು ಅರ್ಧಕ್ಕೆ ಇಳಿದಿತ್ತು. ಚಿಲಕ ಹಾಕಿದಂತೆಯೇ ಇತ್ತು, ನೆಲದ ಮೇಲೆ ಒಂದು ಕಾಳೂ ಬಿದ್ದಿರಲಿಲ್ಲ. ಇಲಿಯ ಕೆಲಸ ಅನ್ನೋಣವೆಂದರೆ, ಇಲಿ ತಿಂದು ಹೋಗುತ್ತದೆ, ಒಯ್ದು ಇನ್ನೊಂದು ಸೇರಿಗೆ ಸುರಿಯುವುದಿಲ್ಲ.

ಮರಳಿ ಬಂದಾಗ ಅಕ್ಕ ಕಣ್ಣು ತೆರೆದಿದ್ದಳು. “ಹಗುರಾತೇನವ್ವಾ?” ಅಂದಳು.

ನಾನು ಎಂದಿನಂತೆ ಹಲ್ಲು ಕಿಸಿದೆ.

“ನಾ ಹೊಂಟೀನಿ ಅಂತ ನಂಗ ಗೊತ್ತೈತಿ. ಎಷ್ಟಂತ ನಗ್ತಿ? ಬಾ, ಅತ್ತುಬಿಡು.”

ಅವಳ ಎದೆಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅವಳೂ ಅತ್ತಳು. ಆಮೇಲೆ ದೀಪ ಹಚ್ಚುವವರೆಗೂ ಮಾತಾಡಿದೆವು. “ಗದ್ವಾಲ್ ಸೀರಿ ನನ್ನ ಹೆಣಕ್ಕ ಉಡಿಸಿ ಹಾಳು ಮಾಡಬ್ಯಾಡ, ನೀ ಉಟ್ಕೋ” ಅಂದಳು. ಅದಕ್ಕೆ ಇಬ್ಬರೂ ನಕ್ಕೆವು, ಈ ಸಲ ನಿಜವಾಗಿ.

ಮುಂದಿನ ವಾರ ಬಂದ ನರ್ಸಮ್ಮನಿಗೆ ಎಲ್ಲ ಹೇಳಿದೆ. ಅವರು ಎರಡೂ ಸೇರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅದಾದ ಕೆಲವೇ ದಿನಗಳಲ್ಲಿ ಅಕ್ಕ ತೀರಿಕೊಂಡಳು. ಜೋಳ ಸುರಿದವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ, ಯಾರಿಗೆ ಕೈ ಮುಗಿಯಬೇಕೆಂಬುದೂ ತಿಳಿದಿಲ್ಲ. ಆದರೂ ದಿನಾ ಮುಗಿಯುತ್ತೇನೆ. ಕೊನೆಯ ಗಳಿಗೆಯಲ್ಲಿ ಅವಳ ಕಿವಿಯ ಹತ್ತಿರ ಬಗ್ಗಿ, “ಹೋಗಿ ಬಾ ಅಕ್ಕಾ” ಅಂತ ನನಗೆ ಹೇಳಲಿಕ್ಕಾಯಿತು.