ತಿರುಗುತ್ತಿದ್ದ ಕಲ್ಲಿನ ಗುಂಡು

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಮುಳ್ಳೂರಿನ ನಮಗೆ ಕೊಳ್ಳೇಗಾಲವೇ ದೊಡ್ಡ ಪಟ್ಟಣ. ಆ ವರ್ಷ ಅಲ್ಲಿನ ಪಾರ್ಕಿನಲ್ಲಿ ಹೊಸದಾಗಿ ಒಂದು ಕಲ್ಲಿನ ಗುಂಡು ಕೂರಿಸಿದ್ದರು. ಕರಿ ಗ್ರಾನೈಟಿನದು, ಮುಖ ಕಾಣುವಷ್ಟು ನುಣುಪು. ಕೆಳಗಿನ ಕಲ್ಲುಬಟ್ಟಲಿನಿಂದ ಮೋಟರು ನೀರು ಉಕ್ಕಿಸುತ್ತಿತ್ತು. ಆ ನೀರಿನ ಮೇಲೆ ಗುಂಡು ತನ್ನಷ್ಟಕ್ಕೆ ತಿರುಗುತ್ತಿತ್ತು. ಅಂಥ ಭಾರದ ಕಲ್ಲನ್ನು ಒಂದೇ ಬೆರಳಲ್ಲಿ ಬೇಕಾದ ಕಡೆಗೆ ತಿರುಗಿಸಬಹುದೆಂದು ಕ್ಲಾಸಿನವರೆಲ್ಲ ಹೇಳಿ ಹೇಳಿ ನನ್ನ ಹೊಟ್ಟೆ ಉರಿಸಿದ್ದರು. ತಿರುಗಿಸದೆ ಉಳಿದವಳು ನಾನೊಬ್ಬಳೇ.

ಅಜ್ಜಿಯನ್ನು ಕಾಡಿಬೇಡಿ ಬಸ್ಸು ಹತ್ತಿಸಿದೆ. ಪಾರ್ಕಿನಲ್ಲಿ ಗಂಡುಹುಡುಗರ ದಂಡು ಗುಂಡನ್ನು ಮುತ್ತಿಕೊಂಡಿತ್ತು. ಉಪ್ಪುಖಾರ ಹಚ್ಚಿದ ಮಾವಿನಕಾಯಿ ಚೀಪುತ್ತ ಕಾದೆ. ಕಾದೇ ಕಾದೆ. ಒಬ್ಬನೂ ಕೈ ತೆಗೆಯುವವನಲ್ಲ. ಕೊನೆಗೆ ಐಸ್‌ಕ್ಯಾಂಡಿ ಗಾಡಿಯ ಗಂಟೆ ಕೇಳಿ ಎಲ್ಲರೂ ಓಡಿದರು. ನಾನು ಕೈ ಚಾಚಿದೆ.

ಅಜ್ಜಿ ಆ ಕೈಯನ್ನು ಹಿಡಿದುಕೊಂಡಳು. “ಮುಟ್ಬ್ಯಾಡ ಕಣಮ್ಮಿ. ಚಪ್ಲಿ ಬುಡು ಮೊದ್ಲು.”

“ಅದು ಆಟದ್ದು ಕಣಜ್ಜಿ. ಎಲ್ರೂ ತಿರುಗುಸ್ತರೆ.”

“ಕರಿಕಲ್ಲು, ಗುಂಡ್ಗದೆ, ಮೈಯೆಲ್ಲ ನೀರು ಸುರೀತಾ ಅದೆ. ಇನ್ನೇನಮ್ಮಿ ಅದು? ಸಿವ.”

ದೇವರು ಎಲ್ಲೆಲ್ಲೂ ಇದ್ದಾನೆ, ಸರಿ. ನನ್ನ ಸರದಿಯಲ್ಲೇ ಬರಬೇಕಿತ್ತೇ?

ಅಜ್ಜಿ ಸೊಂಟದ ಚೀಲದಿಂದ ವಿಭೂತಿ ತೆಗೆದು ಮೂರು ಬೆರಳಲ್ಲಿ ಬಳಿದಳು. ಗುಂಡು ತಿರುಗಿ ಪಟ್ಟೆ ಕೆಳಗೆ ಹೋಯಿತು. ಮತ್ತೆ ಬಳಿದಳು, ಅದೂ ಹೋಯಿತು. “ಒಸಿ ನಿಂತ್ಕಳಪ್ಪ” ಎಂದು ಗದರಿದಳು. ಇದನ್ನು ಕಂಡ ಇನ್ನಿಬ್ಬರು ಹೆಂಗಸರು ಮಾರ್ಕೆಟ್ಟಿನಿಂದ ತಂದಿದ್ದ ಹೂವನ್ನೆಲ್ಲ ಸುರಿದರು. ಹೂವು ಹೋಗಿ ಮೋಟರಿಗೆ ಸಿಕ್ಕಿಕೊಂಡಿತು. ಮೋಟರು ಗೊರಗೊರ ಎಂದು ನಿಂತಿತು, ಗುಂಡು ಬಟ್ಟಲಲ್ಲಿ ಕೂತುಬಿಟ್ಟಿತು. ನಾನು ಎರಡೂ ಕೈಯಿಂದ ನೂಕಿದೆ. ಅಲುಗಲಿಲ್ಲ.

“ಕೆಡುಸ್ಬುಟ್ರಲ್ಲವ್ವ” ಎಂದು ವಾಚ್‌ಮನ್ ತಲೆ ಚಚ್ಚಿಕೊಂಡ.

“ಕೆಟ್ಟಿಲ್ಲ ಕಣಪ್ಪ. ಹುಡ್ಗೈಕ್ಳು ತಿರುಗ್ಸಿ ತಿರುಗ್ಸಿ ಅದ್ಕೆ ಸುಸ್ತಾಗಿತ್ತು. ಈಗ ಒಸಿ ಕುಂತದೆ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಅಜ್ಜಿ ಕಡಲೆಪುರಿ ಕೊಟ್ಟಳು, ತಿನ್ನುತ್ತಲೇ ಅತ್ತೆ.

ಆ ಮೋಟರನ್ನು ಯಾರೂ ರಿಪೇರಿ ಮಾಡಿಸಲಿಲ್ಲ. ಮಾಡಿಸುವವರೆಲ್ಲ ಕೈಮುಗಿದು ಹೋದರು. ಈಗ ಅಲ್ಲಿ ಟೈಲ್ಸು, ಮೇಲೊಂದು ತಗಡಿನ ಶೀಟು, ಸುತ್ತ ಕಬ್ಬಿಣದ ಗ್ರಿಲ್ಲು, ಒಂದು ಹುಂಡಿ. ಎಣ್ಣೆ ಜಿಡ್ಡಿನಲ್ಲಿ ಕಲ್ಲಿನ ಹೊಳಪೇ ಇಲ್ಲ. ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಮೊನ್ನೆ ಮಗಳಿಗೆ ತೋರಿಸಿ, “ಇದು ತಿರುಗ್ತಿತ್ತು ಕಣೆ, ಒಂದು ಬೆರಳಲ್ಲಿ” ಎಂದೆ.

ಅವಳು ಗ್ರಿಲ್ಲಿನ ಸಂದಿಯಿಂದ ನೋಡಿ, “ನೀನು ತಿರುಗ್ಸಿದ್ಯಾ?” ಎಂದಳು.

“ಇಲ್ಲ.”

“ಮತ್ತೆ ನಿಂಗೆಂಗೆ ಗೊತ್ತು?”

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಇದ್ದಿದ್ದರೆ, ಬೈದುಕೊಂಡಾದರೂ ಅವಳನ್ನೇ ಸಾಕ್ಷಿಗೆ ಕರೆಯುತ್ತಿದ್ದೆ.